ಕಬ್ಬಿಣದ ನೇಗಿಲು ಮಾಡಿದ ಡ್ರಾಯಿಂಗ್ ಮಾಸ್ತರರು

ರೈತ ಬಾಂಧವರೇ, ನಿಮ್ಮ ಮನೆಯ ದನದ ಕೊಟ್ಟಿಗೆಯ ಮೂಲೆಯಲ್ಲೋ ಹಿತ್ತಲಿನ ಬಣವೆಯ ಬುಡದಲ್ಲೋ ತುಕ್ಕು ಹಿಡಿದ ಹಳೆಯ ಕಬ್ಬಿಣದ ನೇಗಿಲು ಬಿದ್ದಿದ್ದರೆ ಒಮ್ಮೆ ಎಳೆದು ಮಣ್ಣು ಕೊಡವಿ ನೋಡಿರಿ. ಬೆಳಗಾವಿ, ಧಾರವಾಡ, ವಿಜಾಪುರ ಸೀಮೆಯವರಾದರೆ ಅದರ ಮೇಲೆ ಕಿರ್ಲೋಸ್ಕರ್ ಎಂಬ ಹೆಸರು ಇರುವ ಸಂಭವ ಹೆಚ್ಚು. ಟ್ರ್ಯಾಕ್ಟರ್ ಬರುವ ಮೊದಲು ನಿಮ್ಮ ಅಜ್ಜಂದಿರು ಎರೆ ಹೊಲದ ಕರಿಕೆಯನ್ನು ಬೇರುಸಹಿತ ಕಿತ್ತದ್ದು ಇಂಥ ನೇಗಿಲಿನಿಂದ. ಅದನ್ನು ಮಾಡಿದ ಮನುಷ್ಯ ಯಾವ ಇಂಜಿನಿಯರಿಂಗ್ ಕಾಲೇಜಿನಲ್ಲಿಯೂ ಓದಿದವರಲ್ಲ. ಅವರ ಹೆಸರಿನ ಹಿಂದೆ ಮುಂದೆ ಯಾವ ಪದವಿಯ ಅಕ್ಷರಗಳೂ ಇರಲಿಲ್ಲ. ಅವರು ಹುಟ್ಟಿದ್ದು ನಮ್ಮ ಸವದತ್ತಿಯ ಬಳಿಯ ಗುರ್ಲಹೊಸೂರಿನಲ್ಲಿ.

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ, ಪಿ.ಯು.ಸಿ. ಫಲಿತಾಂಶ ಬಂದ ಮೇಲೆ ಹಳ್ಳಿಗಳಲ್ಲಿ ಒಂದೇ ಮಾತು ಕೇಳಿಬರುತ್ತದೆ. ಅಂಕ ಬಂದ ಹುಡುಗ ಉಳಿದುಕೊಂಡ, ಬಾರದ ಹುಡುಗ ಕೆಟ್ಟ ಎಂದು ಮನೆಯವರೇ ತೀರ್ಮಾನಿಸಿಬಿಡುತ್ತಾರೆ. ಪದವಿಯ ಸೀಟಿಗಾಗಿ ಹೊಲ ಅಡವಿಡಲು ಸಿದ್ಧರಿರುವ ತಂದೆಯರು, ಅದೇ ಮಗ ಪಂಪ್‌ಸೆಟ್ ಬಿಚ್ಚಿ ಜೋಡಿಸುವುದನ್ನು ಕಂಡರೆ ಕೈ ಎಣ್ಣೆ ಮಾಡಿಕೊಂಡನೆಂದು ಗದರಿಸುತ್ತಾರೆ. ಆ ತಂದೆಯರಿಗೂ ಆ ಮಕ್ಕಳಿಗೂ ಲಕ್ಷ್ಮಣರಾವ್ ಕಿರ್ಲೋಸ್ಕರರ ಜೀವನವನ್ನು ಈ ವಾರ ಹೇಳಬೇಕೆಂದಿದ್ದೇನೆ.

ಲಕ್ಷ್ಮಣರಾಯರು 1869ರ ಜೂನ್ 20ರಂದು ಹುಟ್ಟಿದರು. ಕೊಂಕಣದ ಕಿರ್ಲೋಸಿ ಎಂಬ ಹಳ್ಳಿಯಿಂದ ಮನೆತನಕ್ಕೆ ಆ ಅಡ್ಡಹೆಸರು ಬಂದಿತ್ತು. ಮರಾಠಿ ಸಂಗೀತ ನಾಟಕಕ್ಕೆ ದಾರಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಇದೇ ಗುರ್ಲಹೊಸೂರಿನವರೇ. ಲಕ್ಷ್ಮಣರಾಯರ ತಂದೆ ಕಾಶೀನಾಥಪಂತರು ವೇದಾಂತ ಬಲ್ಲ ಪಂಡಿತರು. ಅಂಥವರ ಮನೆಯ ಹುಡುಗ ಶಾಲೆ ಕಲಿತು ಸರಕಾರಿ ಕಚೇರಿ ಸೇರುವುದು ಆ ಕಾಲದ ನಡೆದುಬಂದ ಹಾದಿ. ಈ ಹುಡುಗನಿಗೆ ಮಾತ್ರ ಪುಸ್ತಕದ ಮೇಲೆ ಮನಸ್ಸು ನಿಲ್ಲಲಿಲ್ಲ. ಎರಡು ವಿಷಯಗಳಲ್ಲಿ ಮಾತ್ರ ಆಸಕ್ತಿ: ಒಂದು ಚಿತ್ರ ಬರೆಯುವುದು, ಇನ್ನೊಂದು ಯಂತ್ರಗಳು. ತಂದೆಗೆ ಇವೆರಡೂ ಹಿಡಿಸಲಿಲ್ಲ. ಕೊನೆಗೆ ಅಣ್ಣ ರಾಮಚಂದ್ರರಾಯರು, ಎಂದರೆ ಮನೆಯವರ ರಾಮುಅಣ್ಣ, ಖರ್ಚಿನ ಭಾರ ಹೊತ್ತು ತಮ್ಮನ ಬೆನ್ನಿಗೆ ನಿಂತರು. 1885ರಲ್ಲಿ ಲಕ್ಷ್ಮಣರಾಯರು ಮುಂಬಯಿಗೆ ಹೋಗಿ ಜೆ.ಜೆ. ಕಲಾಶಾಲೆಯನ್ನು ಸೇರಿದರು.

ಈ ರಾಮುಅಣ್ಣನವರನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕು. ಕಸುಬು ಕಲಿಯುವ ಹುಡುಗನಿಗೆ ಜಾಣತನಕ್ಕಿಂತ ಮೊದಲು ಬೇಕಾಗುವುದು ಮನೆಯಲ್ಲಿ ಅವನ ಮೇಲೆ ಭರವಸೆ ಇಟ್ಟ ಒಬ್ಬ ವ್ಯಕ್ತಿ. ನಮ್ಮ ಹಳ್ಳಿಗಳಲ್ಲಿ ಕೊರತೆ ಇರುವುದು ಇಂಥ ಅಣ್ಣಂದಿರದು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಕಲಾಶಾಲೆಯಲ್ಲಿ ಎರಡು ವರ್ಷ ಕಳೆಯುವಷ್ಟರಲ್ಲಿ ಒಂದು ಆಘಾತ ಕಾದಿತ್ತು. ಲಕ್ಷ್ಮಣರಾಯರ ಕಣ್ಣಿಗೆ ಕೆಲವು ಬಣ್ಣಗಳ ವ್ಯತ್ಯಾಸ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಇದು ಔಷಧಿಯಿಂದ ಗುಣವಾಗುವ ರೋಗವಲ್ಲ. ತಂದೆಯ ಮಾತು ಮೀರಿ ಅಷ್ಟು ದೂರ ಬಂದ ಹುಡುಗ ಊರಿಗೆ ಮರಳಿ ಯಾವ ಮುಖ ತೋರಿಸಬೇಕು? ಆದರೆ ಅದೇ ಶಾಲೆಯಲ್ಲಿ ಅವರು ಯಂತ್ರಗಳ ನಕ್ಷೆ ತೆಗೆಯುವುದನ್ನೂ ಕಲಿಯುತ್ತಿದ್ದರು. ಯಂತ್ರದ ನಕ್ಷೆಗೆ ಬಣ್ಣ ಬೇಡ. ಪೆನ್ಸಿಲಿನ ಗೆರೆ ನೇರವಾಗಿರಬೇಕು, ಅಳತೆ ತಪ್ಪಬಾರದು, ಅಷ್ಟೆ. ಬಣ್ಣ ಬಿಟ್ಟು ಗೆರೆಯನ್ನು ಹಿಡಿದ ಅವರಿಗೆ ಮುಂಬಯಿಯ ವಿಕ್ಟೋರಿಯಾ ಜೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಯಂತ್ರನಕ್ಷೆ ಕಲಿಸುವ ಸಹಾಯಕ ಮಾಸ್ತರರ ಕೆಲಸ ಸಿಕ್ಕಿತು.

ಡ್ರಾಯಿಂಗ್ ಎಂದರೆ ಮಕ್ಕಳ ಆಟವೆಂದು ತಿಳಿದವರಿಗಾಗಿ ಇಲ್ಲಿ ಸ್ವಲ್ಪ ವಿವರಿಸುತ್ತೇನೆ. ನಿಮ್ಮೂರಿನ ಬಡಿಗರು ನೇಗಿಲು ಮಾಡುವಾಗ ಅಳತೆ ಅವರ ಕಣ್ಣಿನಲ್ಲಿ ಮತ್ತು ಕೈಯಲ್ಲಿ ಇರುತ್ತದೆ. ಅವರು ಮಾಡಿದ ಹತ್ತು ನೇಗಿಲು ಹತ್ತು ಥರ ಇರುತ್ತವೆ, ಒಂದರ ಕುಳ ಇನ್ನೊಂದಕ್ಕೆ ಕೂಡುವುದಿಲ್ಲ. ಕಾರ್ಖಾನೆಯಲ್ಲಿ ಹಾಗಲ್ಲ. ಮೊದಲು ಕಾಗದದ ಮೇಲೆ ನಕ್ಷೆ, ನಕ್ಷೆಯಂತೆ ಮರದ ಪಡಿಯಚ್ಚು, ಆ ಮರದ ಅಚ್ಚನ್ನು ಮರಳಿನಲ್ಲಿ ಒತ್ತಿ ತೆಗೆದ ಪೊಳ್ಳಿನಲ್ಲಿ ಕರಗಿದ ಕಬ್ಬಿಣ ಸುರಿದು ಎರಕ, ಎರಕವನ್ನು ಲೇಥ್ ಮೇಲೆ ಹಿಡಿದು ಕೊರೆತ, ಆಮೇಲೆ ಬೋಲ್ಟ್ ಹಾಕಿ ಜೋಡಣೆ. ನಕ್ಷೆಯಲ್ಲಿ ಕಾಲು ಅಂಗುಲ ತಪ್ಪಿದರೆ ನೂರು ನೇಗಿಲುಗಳಲ್ಲಿಯೂ ಅದೇ ತಪ್ಪು. ನಕ್ಷೆ ಸರಿಯಿದ್ದರೆ ಬೆಳಗಾವಿಯಲ್ಲಿ ಕೊಂಡ ನೇಗಿಲಿಗೆ ಹುಬ್ಬಳ್ಳಿಯಲ್ಲಿ ಕೊಂಡ ಕುಳ ಸರಿಯಾಗಿ ಕೂಡುತ್ತದೆ. ಲಕ್ಷ್ಮಣರಾಯರು ಕಲಿತದ್ದೂ ಕಲಿಸಿದ್ದೂ ಈ ವಿದ್ಯೆಯನ್ನು.

ಪಾಠ ಮುಗಿದ ಮೇಲೆ ಅವರು ಸುಮ್ಮನೆ ಮನೆಗೆ ಹೋಗುತ್ತಿರಲಿಲ್ಲ. ಸಂಸ್ಥೆಯ ವರ್ಕ್‌ಶಾಪಿನಲ್ಲಿ ನಿಂತು ಯಂತ್ರಗಳನ್ನು ನಡೆಸಿ, ಬಿಚ್ಚಿ, ಜೋಡಿಸಿ ಕೈ ಪಳಗಿಸಿಕೊಂಡರು. ನಕ್ಷೆಯ ಮಾಸ್ತರರು ಹೀಗೆ ಕುಶಲ ಕೆಲಸಗಾರರೂ ಆದರು. ಆ ವಿದ್ಯೆಗೆ ಯಾರೂ ಪ್ರಮಾಣಪತ್ರ ಕೊಡಲಿಲ್ಲ.

ಇದರ ನಡುವೆ 1888ರಲ್ಲಿ ಅಣ್ಣ ತಮ್ಮಂದಿರು ಬೆಳಗಾವಿಯಲ್ಲಿ ಸೈಕಲ್ ವ್ಯಾಪಾರ ಆರಂಭಿಸಿದರು. ಆಗ ಸೈಕಲ್ ಎಂದರೆ ಇಂದಿನ ಕಾರಿಗಿಂತ ದೊಡ್ಡ ಸೋಜಿಗ. ಬೆಲೆ ಏಳುನೂರರಿಂದ ಸಾವಿರ ರೂಪಾಯಿ! ಲಕ್ಷ್ಮಣರಾಯರು ಮುಂಬಯಿಯಿಂದ ಸೈಕಲ್ ಕೊಂಡು ಕಳಿಸುವುದು, ರಾಮುಅಣ್ಣ ಬೆಳಗಾವಿಯಲ್ಲಿ ಮಾರುವುದು. ಕೊಂಡವರಿಗೆ ಹತ್ತಲು ಬರುತ್ತಿರಲಿಲ್ಲವಾದ್ದರಿಂದ ಹದಿನೈದು ರೂಪಾಯಿ ತೆಗೆದುಕೊಂಡು ಸವಾರಿ ಕಲಿಸುವುದು ಕೂಡ ಅವರ ಕೆಲಸವೇ ಆಗಿತ್ತು. ಕಿರ್ಲೋಸ್ಕರ್ ಬ್ರದರ್ಸ್ ಎಂಬ ಹೆಸರು ಹುಟ್ಟಿದ್ದು ಆ ಅಂಗಡಿಯಲ್ಲಿ. ಬೆಳಗಾವಿಯ ಕಿರ್ಲೋಸ್ಕರ್ ರಸ್ತೆಯಲ್ಲಿ ನೀವು ಸಂತೆ ಸಾಮಾನಿಗಾಗಿ ಎಷ್ಟೋ ಸಲ ಓಡಾಡಿರಬಹುದು, ಆ ಹೆಸರು ಈ ಅಣ್ಣ ತಮ್ಮಂದಿರದೇ.

ಮುಂಬಯಿಯ ನೌಕರಿ ಬಿಡುವ ಸಂದರ್ಭ ತಾನಾಗಿ ಬಂತು. ಬಡ್ತಿ ಕೊಡುವ ಸಮಯದಲ್ಲಿ ಇವರನ್ನು ಹಿಂದೆ ಬಿಟ್ಟು ಒಬ್ಬ ಆಂಗ್ಲೋ-ಇಂಡಿಯನ್ ನೌಕರನನ್ನು ಮೇಲೇರಿಸಿದರು. ಪರರ ಚಾಕರಿಯಲ್ಲಿ ತನ್ನ ಕೈಗುಣಕ್ಕೆ ಬೆಲೆ ಇಲ್ಲವೆಂದು ಮನಗಂಡ ಲಕ್ಷ್ಮಣರಾಯರು ಕೆಲಸ ಬಿಟ್ಟು ಬೆಳಗಾವಿಗೆ ಬಂದರು. ಗೃಹಸ್ಥ ತಿಂಗಳ ಪಗಾರ ಬಿಡುವುದು ಆಗಲೂ ಸುಲಭವಿರಲಿಲ್ಲ.

ಬೆಳಗಾವಿಯ ಸುತ್ತ ಕಂಡದ್ದೆಲ್ಲ ಹೊಲ, ಎತ್ತು, ಕಣಿಕೆಯ ಬಣವೆ. ಆದ್ದರಿಂದ ಅವರು ಮೊದಲು ಕೈಹಾಕಿದ್ದು ಮೇವು ಕತ್ತರಿಸುವ ಯಂತ್ರಕ್ಕೆ. ಇಡೀ ಜೋಳದ ದಂಟು ಹಾಕಿದರೆ ದನ ಎಲೆ ತಿಂದು ಬುಡದ ಭಾಗವನ್ನು ತುಳಿದು ಕೆಡಿಸುತ್ತದೆ, ಸಣ್ಣಗೆ ಕತ್ತರಿಸಿದರೆ ಅದೇ ಮೇವು ಹೆಚ್ಚು ದಿನ ಬರುತ್ತದೆ. ಇದನ್ನು ನಾವು ಇಂದಿಗೂ ಗ್ರಾಮಸಭೆಗಳಲ್ಲಿ ಹೇಳುತ್ತಲೇ ಇದ್ದೇವೆ, ನೀವು ಕೇಳಿ ಮರೆಯುತ್ತಲೇ ಇದ್ದೀರಿ! ಲಕ್ಷ್ಮಣರಾಯರು ನೂರಿಪ್ಪತ್ತು ವರ್ಷಗಳಷ್ಟು ಹಿಂದೆಯೇ ಆ ಯಂತ್ರ ಮಾಡಿ ಮಾರಲು ಹೊರಟವರು.

ಆಮೇಲೆ ಬಂದದ್ದು ನೇಗಿಲು. 1903ರಲ್ಲಿ ಅವರ ಮೊದಲ ಕಬ್ಬಿಣದ ನೇಗಿಲು ಸಿದ್ಧವಾಯಿತು. ಮರದ ನೇಗಿಲಿನ ಕೆಲಸ ನಿಮಗೆ ತಿಳಿದದ್ದೇ. ಅದು ಮಣ್ಣನ್ನು ಸೀಳುತ್ತದೆಯೇ ಹೊರತು ಮಗುಚುವುದಿಲ್ಲ. ಸಾಲು ಇಂಗ್ಲಿಷಿನ ವಿ ಅಕ್ಷರದ ಹಾಗೆ ಬೀಳುವುದರಿಂದ ಎರಡು ಸಾಲುಗಳ ನಡುವೆ ಉಳದ ಏಣು ಉಳಿಯುತ್ತದೆ, ಅದಕ್ಕಾಗಿ ಅಡ್ಡ ಉಳುಮೆ ಮಾಡಬೇಕು. ಕಬ್ಬಿಣದ ರೆಕ್ಕೆ ನೇಗಿಲಿನ ಕುಳ ಅಡಿಯಿಂದ ಮಣ್ಣನ್ನು ಕತ್ತರಿಸುತ್ತದೆ, ಬಾಗಿದ ರೆಕ್ಕೆ ಆ ಹೆಂಟೆಯನ್ನು ಎತ್ತಿ ಮಗ್ಗುಲಿಗೆ ಕವುಚಿ ಹಾಕುತ್ತದೆ. ಕಳೆಯ ಬೇರು ಮೇಲೆ ಬಂದು ಬೇಸಗೆಯ ಬಿಸಿಲಿಗೆ ಒಣಗುತ್ತದೆ, ಕೂಳೆ ಮಣ್ಣಿನಡಿ ಸೇರಿ ಕೊಳೆಯುತ್ತದೆ. ಕರಿಕೆ ತುಂಬಿದ ಎರೆ ಹೊಲಕ್ಕೆ ಇದರಷ್ಟು ಉಪಕಾರಿ ಉಪಕರಣ ಆಗ ಬೇರೆ ಇರಲಿಲ್ಲ.

ಆದರೆ ಕೊಳ್ಳುವವರು ಯಾರು? ಕಬ್ಬಿಣ ತಗುಲಿದರೆ ಭೂಮಿಗೆ ವಿಷವಾಗುತ್ತದೆ, ಬೆಳೆ ಬರುವುದಿಲ್ಲ ಎಂದು ರೈತರು ಹಿಂದೆಗೆದರು. ಮೊದಲ ನೇಗಿಲು ಮಾರಲು ಎರಡು ವರ್ಷ ಹಿಡಿಯಿತು. ಇದನ್ನು ಹೇಳುವಾಗ ಬಹಳ ಜನ ರೈತರ ಮೂಢನಂಬಿಕೆ ಎಂದು ನಕ್ಕು ಮುಂದೆ ಹೋಗುತ್ತಾರೆ. ನಾನು ಹಾಗೆ ಹೇಳಲಾರೆ. ಮರದ ನೇಗಿಲಿಗೆ ಬದುವಿನ ಜಾಲಿ ಮರ ಸಾಕು. ಬಡಿಗರಿಗೂ ಕಮ್ಮಾರರಿಗೂ ಸುಗ್ಗಿಯಲ್ಲಿ ಕಣದಲ್ಲೇ ಆಯ ಅಳೆದು ಕೊಟ್ಟರೆ ವರ್ಷದ ದುರಸ್ತಿಯ ಚಿಂತೆ ಮುಗಿಯಿತು. ಕಬ್ಬಿಣದ ನೇಗಿಲಿಗೆ ರೊಕ್ಕ ಬೇಕು, ಗಟ್ಟಿ ಎತ್ತು ಬೇಕು, ಬಿತ್ತನೆಯ ಹೊತ್ತಿಗೆ ಕುಳ ಮುರಿದರೆ ಊರಿನಲ್ಲಿ ಅದನ್ನು ಮಾಡುವವರಿಲ್ಲ. ಎರಕದ ಕಬ್ಬಿಣವನ್ನು ಕುಲುಮೆಯಲ್ಲಿ ಕಾಯಿಸಿ ಬಡಿದರೆ ಅದು ಒಡೆಯುತ್ತದೆಯೇ ವಿನಾ ಬಾಗುವುದಿಲ್ಲ. ಹೀಗಿರುವಾಗ ನೆರೆಯವನು ಕೊಂಡು ನೋಡಲಿ, ಆಮೇಲೆ ನೋಡೋಣ ಎಂದು ರೈತ ಕಾದದ್ದರಲ್ಲಿ ತಪ್ಪೇನೂ ಇಲ್ಲ. ಹೊಸ ತಳಿ, ಹೊಸ ಉಪಕರಣ ಯಾವುದೇ ಇರಲಿ, ಹಳ್ಳಿಗೆ ಒಯ್ದವರಿಗೆಲ್ಲ ಈ ಕಾಯುವಿಕೆಯ ಅನುಭವ ಉಂಟು. ಹೊಲದಲ್ಲಿ ನಡೆದು ತೋರಿಸಿದ ಮೇಲೆಯೇ ನೇಗಿಲು ಮಾರಾಟವಾದದ್ದು.

ಅಂತೂ ನೇಗಿಲಿಗೆ ಹೆಸರು ಬರುವ ಹೊತ್ತಿಗೆ ಇನ್ನೊಂದು ಕಂಟಕ ಎದುರಾಯಿತು. ಬೆಳಗಾವಿ ಊರು ಬೆಳೆಸುವ ಸಲುವಾಗಿ ಪುರಸಭೆಯವರು ಇವರ ಕಾರ್ಖಾನೆಯ ಜಾಗ ಬಿಡಿಸಿದರು. ಯಂತ್ರ, ಕುಲುಮೆ, ನೆಚ್ಚಿಕೊಂಡ ಕೆಲಸಗಾರರು ಎಲ್ಲ ಇದ್ದು ನಿಲ್ಲಲು ನೆಲವಿಲ್ಲ. ಆಗ ಕೈಹಿಡಿದವರು ಔಂಧ್ ಎಂಬ ಸಣ್ಣ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು. ಅವರು ಸ್ವತಃ ಚಿತ್ರಕಾರರು, ಲಕ್ಷ್ಮಣರಾಯರ ಯೋಗ್ಯತೆ ಬಲ್ಲವರು. ಔಂಧದಲ್ಲಿ ಒಂದು ಸಭಾಮಂಟಪ ಕಟ್ಟುವ ಕೆಲಸವನ್ನು ಇವರಿಗೆ ಒಪ್ಪಿಸಿದ್ದರು. ಸ್ಥಳವಿಲ್ಲದ ಸಂಗತಿ ತಿಳಿದಾಗ ಕುಂಡಲ್ ರೋಡ್ ಎಂಬ ರೈಲು ನಿಲ್ದಾಣದ ಹತ್ತಿರ 32 ಎಕರೆ ನೆಲವನ್ನೂ ಬಡ್ಡಿಯಿಲ್ಲದ ಹತ್ತು ಸಾವಿರ ರೂಪಾಯಿ ಸಾಲವನ್ನೂ ಕೊಟ್ಟರು.

ನೆಲ ಎಂದರೆ ಎಂಥ ನೆಲ! ಪಾಪಾಸುಕಳ್ಳಿ ಹಬ್ಬಿದ ಬರಡು, ಕಳ್ಳಿಯ ಬುಡದಲ್ಲೆಲ್ಲ ನಾಗರಹಾವು. 1910ರ ಮಾರ್ಚಿನಲ್ಲಿ ಸುಮಾರು 25 ಕೆಲಸಗಾರರೂ ಅವರ ಕುಟುಂಬಗಳೂ ಅಲ್ಲಿಗೆ ಬಂದರು. ಕಳ್ಳಿ ಕಡಿದರು, ಹಾವು ಓಡಿಸಿದರು, ಮನೆ ಕಟ್ಟಿದರು, ಕಾರ್ಖಾನೆ ಎಬ್ಬಿಸಿದರು. ಮುಂದೆ ಆ ಊರಿಗೂ ಆ ನಿಲ್ದಾಣಕ್ಕೂ ಕಿರ್ಲೋಸ್ಕರವಾಡಿ ಎಂದೇ ಹೆಸರಾಯಿತು. ಈಗ ಅದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿದೆ, ಮಿರಜದಿಂದ ಪುಣೆಯ ಕಡೆಗೆ ರೈಲಿನಲ್ಲಿ ಹೋಗುವವರು ನೋಡಬಹುದು.

ಅಲ್ಲಿ ಕೆಲಸ ಮಾಡಿದವರ ವಿಷಯವನ್ನು ನಿಮಗೆ ಮುಖ್ಯವಾಗಿ ಹೇಳಬೇಕು. ಅನಂತರಾವ್ ಫಳಣೀಕರ್ ಎಂಬವರು ಶಾಲೆಯನ್ನು ಅರ್ಧಕ್ಕೆ ಬಿಟ್ಟ ಹುಡುಗ. ಕಾರ್ಖಾನೆಯಲ್ಲಿ ಕೈಯಿಂದಲೇ ಕಲಿತು, ಹೊಸ ಕಲ್ಪನೆಯ ಇಂಜಿನಿಯರ್ ಎನಿಸಿಕೊಂಡರು. ಯಂತ್ರಗಳ ಭಾಗ ಶಂಭುರಾವ್ ಜಾಂಭೇಕರರದು. ಲೆಕ್ಕಪತ್ರ ಮಂಗೇಶರಾವ್ ರೇಗೆಯವರದು. ಕೆ.ಕೆ. ಕುಲಕರ್ಣಿಯವರಿಗೆ ಇಂಥದೇ ಕೆಲಸವೆಂದಿರಲಿಲ್ಲ. ವ್ಯವಸ್ಥೆ, ಜಾಹೀರಾತು, ಕಾಯಿದೆ ಕಟ್ಟಳೆಯಿಂದ ಹಿಡಿದು ಓಡಾಟದವರೆಗೆ ಎಲ್ಲ ಅವರ ತಲೆಯ ಮೇಲೆ. ಊರಿನ ಆಡಳಿತ ರಾಮುಅಣ್ಣನವರ ಕೈಯಲ್ಲಿ. ಹಿಂದೆ ಶಿಕ್ಷೆ ಅನುಭವಿಸಿ ಹೊರಬಂದಿದ್ದ ಇಬ್ಬರನ್ನು ಲಕ್ಷ್ಮಣರಾಯರು ರಾತ್ರಿ ಕಾವಲಿಗೆ ನೇಮಿಸಿದರು, ಅವರು ನಂಬಿಕೆ ಉಳಿಸಿಕೊಂಡರು. ಕಿರ್ಲೋಸ್ಕರವಾಡಿಯಲ್ಲಿ ಅಸ್ಪೃಶ್ಯತೆ ಆಚರಿಸಲು ಅವರು ಬಿಡಲಿಲ್ಲ. ಒಬ್ಬನನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಅವರು ನೋಡಿದ್ದು ಅವನ ಕೈಯನ್ನು ಮತ್ತು ನಡತೆಯನ್ನು. ಓದಿನ ಕಾಗದ ಕೇಳಿದ್ದರೆ ಅವರು ತಮ್ಮನ್ನೇ ಮೊದಲು ಹೊರಗೆ ಕಳಿಸಬೇಕಾಗಿತ್ತು!

ನೇಗಿಲಿನ ಜೊತೆಗೆ ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, ಕೈಪಂಪು ಒಂದೊಂದಾಗಿ ಬಂದವು. 1914ರಲ್ಲಿ ಮೊದಲನೆಯ ಮಹಾಯುದ್ಧ ಶುರುವಾದಾಗ ಹೊರದೇಶದ ಸಾಮಾನು ಬರುವುದು ಕಷ್ಟವಾಯಿತು, ಬಳಿಯುವ ಬಣ್ಣವನ್ನು ಸಹ ಅವರೇ ಮಾಡಿಕೊಳ್ಳಬೇಕಾಯಿತು. 1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿಯಾಗಿ ನೋಂದಾಯಿತವಾಯಿತು. 1926ರಲ್ಲಿ ಸೆಂಟ್ರಿಫ್ಯೂಗಲ್ ಪಂಪನ್ನು ತಯಾರಿಸಿದರು. ಬಾವಿಯ ಮೇಲೆ ಕೂತು ನಿಮ್ಮ ಕಬ್ಬಿಗೆ, ಬಾಳೆಗೆ ನೀರೆತ್ತಿದ ಪಂಪುಗಳ ಸಂತತಿ ಅಲ್ಲಿಂದ ಬೆಳೆದದ್ದು. ನಮ್ಮ ಹರಿಹರದಲ್ಲಿ 1941ರಲ್ಲಿ ಲೇಥ್ ಮುಂತಾದ ಯಂತ್ರೋಪಕರಣಗಳ ಕಾರ್ಖಾನೆ ಬಂತು. ಮಧ್ಯಕರ್ನಾಟಕದ ಎಷ್ಟೋ ಟರ್ನರ್, ಫಿಟ್ಟರ್ ಕುಟುಂಬಗಳು ಅದರ ಅನ್ನ ಉಂಡವು. ಈಗ ಆ ಕಾರ್ಖಾನೆ ಮುಚ್ಚಿದೆ. 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರುಗಳ ಕಂಪನಿಯೂ, ಪುಣೆಯಲ್ಲಿ ಆಯಿಲ್ ಇಂಜಿನ್ ಕಂಪನಿಯೂ ಆರಂಭವಾದವು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಪದವಿಯಿಲ್ಲದ ಲಕ್ಷ್ಮಣರಾಯರು ತಮ್ಮ ಮಗ ಶಂತನುರಾವ್ ಅವರನ್ನು 1922ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ ಓದಲು ಕಳಿಸಿದರು. ಆ ಮಗನೇ ಮುಂದೆ ಉದ್ಯಮವನ್ನು ದೊಡ್ಡದು ಮಾಡಿದವರು. ಆದ್ದರಿಂದ ಈ ಕಥೆ ಕೇಳಿ ಕಾಲೇಜು ಬೇಡವೆಂದು ಯಾರೂ ತಿಳಿಯಬಾರದು. ಪಂಪಿನ ರೆಕ್ಕೆಯ ಬಾಗು, ಇಂಜಿನ್ನಿನ ಉಷ್ಣದ ಲೆಕ್ಕ ಇವಕ್ಕೆಲ್ಲ ಮೇಲಿನ ಗಣಿತ ಬೇಕು. ಆದರೆ ಲೆಕ್ಕ ಹಾಕುವವನು ಒಬ್ಬನಾದರೆ ಎರಕ ಹೊಯ್ಯುವವರು, ಕೊರೆಯುವವರು, ಜೋಡಿಸುವವರು ಹಲವರು ಬೇಕು, ಅವರ ಕೆಲಸ ಕೆಟ್ಟರೆ ಲೆಕ್ಕವೂ ಕೆಟ್ಟಿತು. ಎರಡೂ ವಿದ್ಯೆಗಳೇ. ಒಂದನ್ನು ಮೇಲೆ ಇನ್ನೊಂದನ್ನು ಕೆಳಗೆ ಇಟ್ಟದ್ದು ನಮ್ಮ ಪಡಸಾಲೆಯ ಮಾತು.

ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು, ಆಗ ಅವರಿಗೆ 87 ವರ್ಷ. ಅವರ ಶತಮಾನೋತ್ಸವದ ವರ್ಷವಾದ 1969ರಲ್ಲಿ ಭಾರತ ಸರಕಾರ ಅವರ ಚಿತ್ರವಿರುವ ಅಂಚೆ ಚೀಟಿ ಹೊರಡಿಸಿತು.

ಇನ್ನು ನಿಮ್ಮ ಮನೆಯ ಹುಡುಗ ಹುಡುಗಿಯರ ವಿಚಾರಕ್ಕೆ ಬರೋಣ. ಲಕ್ಷ್ಮಣರಾಯರ ಕಾಲದಲ್ಲಿ ಕಸುಬು ಕಲಿಯಬೇಕೆಂದರೆ ಮುಂಬಯಿಗೆ ಹೋಗಬೇಕಿತ್ತು. ಈಗ ತಾಲೂಕು ಕೇಂದ್ರಗಳಲ್ಲಿಯೇ ಕೈಗಾರಿಕಾ ತರಬೇತಿ ಸಂಸ್ಥೆಗಳು, ಅಂದರೆ ಐ.ಟಿ.ಐ.ಗಳು ಇವೆ. ಹೆಚ್ಚಿನ ಕಸುಬುಗಳಿಗೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಕೆಲವಕ್ಕೆ ಎಂಟನೆಯ ತರಗತಿ ಸಾಕು. ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಕಸುಬುಗಳಿಗೆ ಎರಡು ವರ್ಷ. ವೆಲ್ಡರ್, ಡೀಸೆಲ್ ಮೆಕ್ಯಾನಿಕ್, ಟ್ರ್ಯಾಕ್ಟರ್ ಮೆಕ್ಯಾನಿಕ್ ಕಸುಬುಗಳಿಗೆ ಒಂದು ವರ್ಷ. ತರಬೇತಿ ಮುಗಿದ ಮೇಲೆ 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಕಾರ್ಖಾನೆಗಳಲ್ಲಿ ಅಪ್ರೆಂಟಿಸ್ ಆಗಿ ಸೇರಿದರೆ ತಿಂಗಳ ಭತ್ಯೆ ಪಡೆಯುತ್ತ ಕೆಲಸ ಕಲಿಯಬಹುದು. ಮುಂದೆ ಓದುವ ಮನಸ್ಸಾದರೆ, ಎರಡು ವರ್ಷದ ಐ.ಟಿ.ಐ. ಮುಗಿಸಿದವರು ಪಾಲಿಟೆಕ್ನಿಕ್ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ಅವಕಾಶವೂ ಇದೆ. ಹೆಣ್ಣುಮಕ್ಕಳಿಗೂ ಈ ಎಲ್ಲ ಕಸುಬುಗಳ ಬಾಗಿಲು ತೆರೆದಿದೆ, ಹೊಲಿಗೆಯೊಂದೇ ಅವರದೆಂದು ತಿಳಿಯಬೇಡಿರಿ.

ಸಂಸ್ಥೆ ಆರಿಸುವಾಗ ಕಟ್ಟಡದ ಬಣ್ಣ ನೋಡಬೇಡಿರಿ. ಅರ್ಜಿ ಹಾಕುವ ಮೊದಲು ಕೆಲಸದ ದಿನದಂದು ಮಗನನ್ನೋ ಮಗಳನ್ನೋ ಕರೆದುಕೊಂಡು ಹೋಗಿ ವರ್ಕ್‌ಶಾಪಿನಲ್ಲಿ ನಿಂತು ನೋಡಿರಿ. ಲೇಥ್ ತಿರುಗುತ್ತಿದೆಯೇ, ಅಥವಾ ಧೂಳು ತಿನ್ನುತ್ತಿದೆಯೇ? ಒಂದು ಯಂತ್ರಕ್ಕೆ ಎಷ್ಟು ಹುಡುಗರು, ವಾರಕ್ಕೆ ಎಷ್ಟು ತಾಸು ಕೈಕೆಲಸ, ಹಿಂದಿನ ವರ್ಷ ಮುಗಿಸಿದವರು ಎಲ್ಲಿ ಅಪ್ರೆಂಟಿಸ್ ಆಗಿ ಸೇರಿದ್ದಾರೆ ಎಂದು ಬೋಧಕರನ್ನು ಕೇಳಿರಿ. ನಕ್ಷೆಯ ಪಾಠ ಎಲ್ಲ ಯಂತ್ರ ಕಸುಬುಗಳಲ್ಲಿಯೂ ಇರುತ್ತದೆ, ಅದನ್ನು ಹುಡುಗರು ಬೇಸರವೆಂದು ತಪ್ಪಿಸುತ್ತಾರೆ. ಹಾಜರಿ ವಿಚಾರಿಸುವಾಗ ಆ ತರಗತಿಯ ಹಾಜರಿಯನ್ನು ಬೇರೆಯಾಗಿ ಕೇಳಿರಿ. ಅರ್ಜಿಗೆ ಅಂಕಪಟ್ಟಿ, ಆಧಾರ್, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಗ್ರಾಮೀಣ ಹಾಗೂ ಕನ್ನಡ ಮಾಧ್ಯಮದ ಮೀಸಲಾತಿಗೆ ಬೇಕಾದ ದಾಖಲೆ ಇವನ್ನು ಫಲಿತಾಂಶ ಬರುವ ಮೊದಲೇ ಮಾಡಿಸಿಟ್ಟುಕೊಂಡರೆ ಮುಂಗಾರಿನ ಬಿತ್ತನೆಯ ಗಡಿಬಿಡಿಯಲ್ಲಿ ತಹಸೀಲ್ದಾರ್ ಕಚೇರಿಗೆ ಅಲೆಯುವುದು ತಪ್ಪುತ್ತದೆ.